ಹಲ್ಲುನೋವು: ಯಾವಾಗ ಕಾಯಬಹುದು, ಯಾವಾಗ ಓಡಲೇಬೇಕು

ನನ್ನ ಕೆಳಗಿನ ಸಾಲಿನ ಕೊನೆಯ ದವಡೆಹಲ್ಲು ಐದು ದಿನ ಜೀವ ಹಿಂಡಿತು. ಆರನೇ ದಿನ ಬೆಳಗ್ಗೆ ಎದ್ದಾಗ ನೋವು ಮಾಯ. ಸದ್ಯ, ತಾನಾಗೇ ವಾಸಿಯಾಯ್ತಲ್ಲ ಅಂತ ಖುಷಿಯಾಗಿ, ಹಲ್ಲಿನ ಡಾಕ್ಟರ್ ಹತ್ತಿರ ತಗೊಂಡಿದ್ದ ಅಪಾಯಿಂಟ್‌ಮೆಂಟನ್ನೂ ಫೋನ್ ಮಾಡಿ ಬೇಡ ಅಂದುಬಿಟ್ಟೆ. ಎರಡು ದಿನ ಕಳೆದ ಮೇಲೆ ಕನ್ನಡಿ ನೋಡಿದರೆ ಗದ್ದದ ಕೆಳಗೆ, ಬಲಗಡೆ, ಗಟ್ಟಿಯಾಗಿ ಊದಿಕೊಂಡಿತ್ತು. ಆಗಲೂ ಅಂಥ ನೋವೇನೂ ಇರಲಿಲ್ಲ. ಅದಕ್ಕೇ ಮಧ್ಯಾಹ್ನದವರೆಗೂ ಸುಮ್ನೆ ಕೂತಿದ್ದೆ. ಆಮೇಲೆ ನೀರು ಕುಡಿಯೋಕೆ ಹೋದರೆ ಗುಟುಕು ಕೆಳಗೆ ಇಳಿಯಲಿಲ್ಲ.

ಹಲ್ಲಿನ ಡಾಕ್ಟರ್ ಹತ್ತಿರ ಓಡಿದೆ. ಅವರು ನೋವು ಎಷ್ಟಿದೆ ಅಂತ ಕೇಳಲೇ ಇಲ್ಲ. ಉಗುಳು ನುಂಗಿ ಅಂದರು. ನಾಲಿಗೆ ಪೂರ್ತಿ ಹೊರಗೆ ಚಾಚಿ ಅಂದರು. ಗದ್ದದ ಕೆಳಗೆ ಎರಡು ಬೆರಳಿಟ್ಟು ಒತ್ತಿ ನೋಡಿದರು. ಬಾಯಿ ತೆರೆಸಿ, ನಿಮ್ಮದೇ ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ ಅಂದರು. ಮಾಮೂಲಿಯಾಗಿ ಮೂರು ಬೆರಳು ಹೋಗಬೇಕು, ನನಗೆ ಒಂದು ಬೆರಳು ಕಷ್ಟಪಟ್ಟು ಹೋಯಿತು. ಅಷ್ಟಕ್ಕೇ ಪರೀಕ್ಷೆ ಮುಗೀತು. ಒಂದು ಚೀಟಿ ಬರೆದು, ಇಲ್ಲಿಂದ ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ, ಮನೆಗೆ ಹೋಗಿ ಬರ್ತೀನಿ ಅನ್ನಬೇಡಿ ಅಂದರು. ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೆದರು, ಆ ಹಲ್ಲನ್ನೂ ಕಿತ್ತರು. ನಾಲ್ಕು ದಿನ ಅಲ್ಲೇ ಇದ್ದೆ.

ಅವತ್ತಿನವರೆಗೆ ನನ್ನ ತಲೆಯಲ್ಲಿದ್ದ ಲೆಕ್ಕ ಒಂದೇ. ನೋವು ಜಾಸ್ತಿ ಇದ್ದರೆ ಅರ್ಜೆಂಟು, ಕಡಿಮೆಯಾದರೆ ಅರ್ಜೆಂಟಿಲ್ಲ. ಬಹಳ ಜನರ ಲೆಕ್ಕವೂ ಇದೇ ಅಲ್ವಾ? ಇದು ತಪ್ಪು ಲೆಕ್ಕ. ನಿದ್ದೆ ಕೆಡಿಸುವ ನೋವು ಎಷ್ಟೋ ಸಲ ಬೆಳಗಿನವರೆಗೆ ಕಾಯಬಲ್ಲದು, ನೋವೇ ಇಲ್ಲದ ಊತ ಒಂದು ಗಂಟೆಯೂ ಕಾಯದೇ ಇರಬಹುದು. ಅಳೆಯಬೇಕಾದದ್ದು ನೋವನ್ನಲ್ಲ. ಊತ ಯಾವ ಕಡೆಗೆ ಹೋಗುತ್ತಿದೆ, ನುಂಗಲು ಆಗುತ್ತಿದೆಯಾ, ಉಸಿರು ಸರಾಗವಾಗಿದೆಯಾ, ರಕ್ತ ನಿಲ್ಲುತ್ತಿದೆಯಾ, ಹಲ್ಲು ಬಿದ್ದು ಎಷ್ಟು ನಿಮಿಷವಾಯಿತು. ಇವನ್ನು ಒಂದೊಂದಾಗಿ ಹೇಳುತ್ತೇನೆ.

ನೋವು ನಿಂತಿತು ಅಂದರೆ ವಾಸಿಯಾಯಿತು ಅಂತಲ್ಲ

ಹಲ್ಲಿನ ಒಳಗೆ ಒಂದು ಮೆತ್ತಗಿನ ತಿರುಳು ಇದೆ. ನರ, ರಕ್ತನಾಳ ಎಲ್ಲ ಅದರೊಳಗೇ ಇರುವುದು. ಹುಳುಕು ಅಲ್ಲಿಯವರೆಗೆ ತಲುಪಿದಾಗ ತಿರುಳು ಊದಿಕೊಳ್ಳುತ್ತದೆ. ಬೇರೆ ಕಡೆ ಊದಿಕೊಂಡರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ, ಇಲ್ಲಿ ಸುತ್ತ ಇರುವುದು ಕಲ್ಲಿನಂಥ ಗೋಡೆ. ಒತ್ತಡ ಹೋಗೋಕೆ ಜಾಗವಿಲ್ಲ. ಅದಕ್ಕೇ ಅಷ್ಟು ನೋವು, ಅದಕ್ಕೇ ಎದೆಬಡಿತದ ಜೊತೆ ಪಟ್ ಪಟ್ ಅಂತ ಮಿಡಿಯುವುದು. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿ ಇನ್ನೂ ಜಾಸ್ತಿ.

ಹೀಗೇ ಬಿಟ್ಟರೆ ತಿರುಳು ಸತ್ತುಹೋಗುತ್ತದೆ. ನರ ಸತ್ತ ಮೇಲೆ ನೋವೆಲ್ಲಿ ಬರಬೇಕು? ನನಗೆ ಆರನೇ ದಿನ ಆಗಿದ್ದು ಇದೇ. ಆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಅವು ಸತ್ತ ತಿರುಳನ್ನು ದಾಟಿ, ಬೇರಿನ ತುದಿಯಿಂದ ಮೂಳೆಗೆ ಇಳಿದು, ಅಲ್ಲಿಂದ ಎಲ್ಲಿ ದಾರಿ ಸಿಕ್ಕರೆ ಅಲ್ಲಿಗೆ ಹೋಗುತ್ತವೆ. ಒಸಡಿನ ಕಡೆ ದಾರಿ ಸಿಕ್ಕರೆ ಒಂದು ಸಣ್ಣ ಗುಳ್ಳೆಯಾಗಿ ಕೀವು ಹೊರಬರುತ್ತದೆ. ಅದು ಅದೃಷ್ಟ. ಕೆಳಗಿನ ಹಿಂದಿನ ಎರಡು ದವಡೆಹಲ್ಲುಗಳ ಬೇರಿನ ತುದಿ ನಾಲಿಗೆಯ ಕೆಳಗಿನ ಸ್ನಾಯುವಿಗಿಂತ ಕೆಳಗೆ ಇರುವುದರಿಂದ, ಅಲ್ಲಿಯ ಕೀವು ಸಲೀಸಾಗಿ ಕತ್ತಿನ ಕಡೆಗೆ ಇಳಿಯುತ್ತದೆ.

ಆದ್ದರಿಂದ ಜೋರಾಗಿದ್ದ ಹಲ್ಲುನೋವು ಏನೂ ಚಿಕಿತ್ಸೆ ಇಲ್ಲದೆ ಏಕಾಏಕಿ ನಿಂತರೆ ಖುಷಿಪಡಬೇಡಿ, ಅಪಾಯಿಂಟ್‌ಮೆಂಟ್ ಬಿಡಬೇಡಿ. ಮುಂದಿನ ಕೆಲವು ದಿನ ಬೆಳಗ್ಗೆ ಸಂಜೆ ಮುಖದ ಎರಡೂ ಕಡೆ ಕೈಯಿಟ್ಟು, ದವಡೆಯ ಅಂಚು ಎರಡೂ ಕಡೆ ಒಂದೇ ಥರ ಸಿಗುತ್ತಿದೆಯಾ ನೋಡಿ.

ಹಲ್ಲಿನ ಡಾಕ್ಟರ್ ಅಲ್ಲ, ಸೀದಾ ಆಸ್ಪತ್ರೆ

ಈ ಕೆಳಗಿನವು ಕಂಡರೆ ಹಲ್ಲಿನ ಕ್ಲಿನಿಕ್ ತೆರೆದಿದೆಯಾ ಅಂತ ಹುಡುಕುತ್ತಾ ಕೂರಬೇಡಿ. ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೋಗಿ, ಉಸಿರಾಟದ ತೊಂದರೆ ಇದ್ದರೆ ಆಂಬುಲೆನ್ಸ್ ಕರೆಸಿ.

ಊತ ಗದ್ದದ ಕೆಳಗೆ ಅಥವಾ ಕತ್ತಿನ ಕಡೆಗೆ ಇಳಿಯುತ್ತಿರುವುದು, ಅದರಲ್ಲೂ ಎರಡೂ ಕಡೆ ಊದಿ ಮರದ ಹಲಗೆಯ ಥರ ಗಟ್ಟಿಯಾಗಿರುವುದು. ನಾಲಿಗೆ ಮೇಲಕ್ಕೆ ಎತ್ತಿಕೊಂಡ ಹಾಗೆ ಅನ್ನಿಸುವುದು, ಅದರ ಕೆಳಗಿನ ನೆಲ ಉಬ್ಬಿರುವುದು, ನಾಲಿಗೆ ಹೊರಗೆ ಚಾಚಲು ಆಗದಿರುವುದು. ಉಗುಳು ನುಂಗಲಾಗದೆ ಬಾಯಿಂದ ಸುರಿಯುವುದು. ಮಾತು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರ ಥರ ಕೇಳಿಸುವುದು. ಮಲಗಿದರೆ ಉಸಿರು ಕಟ್ಟಿದ ಹಾಗಾಗಿ ಎದ್ದು ಕೂರಬೇಕಾಗುವುದು. ಇವುಗಳಲ್ಲಿ ಒಂದಿದ್ದರೂ ಸಾಕು, ಎಲ್ಲ ಸೇರಲಿ ಅಂತ ಕಾಯಬೇಡಿ. ನಾಲಿಗೆಯ ಕೆಳಗಿನ ಜಾಗಕ್ಕೆ ಸೋಂಕು ಹರಡುವ ಈ ಕಾಯಿಲೆಗೆ ಲುಡ್ವಿಗ್ಸ್ ಆಂಜೈನಾ ಅಂತ ಹೆಸರು. ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೀಡ್ರಿಕ್ ಫಾನ್ ಲುಡ್ವಿಗ್ 1836ರಲ್ಲಿ ಇದನ್ನು ವಿವರಿಸಿ ಬರೆದರು. ಆಂಟಿಬಯಾಟಿಕ್ ಬರುವ ಮೊದಲು ಈ ಕಾಯಿಲೆ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಉಳಿಯುತ್ತಿರಲಿಲ್ಲ. ಈಗ ಬಹುಪಾಲು ಜನ ಬದುಕುತ್ತಾರೆ, ಆದರೆ ಹೊತ್ತಿಗೆ ಸರಿಯಾಗಿ ಹೋದರೆ ಮಾತ್ರ. ಇಲ್ಲಿ ಜೀವ ತೆಗೆಯುವುದು ಕೀವಿಗಿಂತ ಮೊದಲು ಉಸಿರಿನ ದಾರಿ ಮುಚ್ಚಿಹೋಗುವುದು.

ಮೇಲಿನ ಹಲ್ಲಿನ ಸೋಂಕಾದರೆ ಊತ ಕಣ್ಣಿನ ಕಡೆ ಹತ್ತುತ್ತದೆ. ಕೆನ್ನೆ ಊದಿ ಕಣ್ಣಿನ ರೆಪ್ಪೆ ಮುಚ್ಚಿಕೊಳ್ಳುತ್ತಿದ್ದರೆ, ಕಣ್ಣು ಆಡಿಸಿದರೆ ನೋವಾದರೆ, ಒಂದು ವಸ್ತು ಎರಡಾಗಿ ಕಂಡರೆ, ಜೊತೆಗೆ ವಿಪರೀತ ತಲೆನೋವಿದ್ದರೆ ಅದೂ ಆಸ್ಪತ್ರೆಯ ಕೇಸು. ಮುಖದ ಆ ಭಾಗದ ರಕ್ತನಾಳಗಳಿಗೂ ಮೆದುಳಿನ ಬುಡದಲ್ಲಿರುವ ರಕ್ತನಾಳಗಳಿಗೂ ಸಂಪರ್ಕ ಇದೆ.

ಇನ್ನೊಂದು ಥರ ಇದೆ. ಊತ ಅಷ್ಟೇನಿಲ್ಲ, ಆದರೆ ಮನುಷ್ಯನೇ ಬೇರೆ ಥರ ಕಾಣುತ್ತಾನೆ. ಚಳಿಜ್ವರ, ಎದೆ ವೇಗವಾಗಿ ಬಡಿಯುತ್ತಿರುವುದು, ಏದುಸಿರು, ಮಾತಾಡಿಸಿದರೆ ತಡಬಡಾಯಿಸುವುದು, ಮಂಪರು, ಮೂತ್ರ ಕಡಿಮೆಯಾಗಿರುವುದು. ಸೋಂಕು ರಕ್ತಕ್ಕೆ ಹರಡಿ ಇಡೀ ಮೈಯನ್ನು ಹಿಡಿಯುತ್ತಿರುವ ಲಕ್ಷಣಗಳಿವು. ಮನೆಯವರು ಗಮನಿಸಬೇಕಾದದ್ದು ಇದನ್ನೇ, ಯಾಕೆಂದರೆ ಕಾಯಿಲೆಯವರಿಗೆ ಆ ಹೊತ್ತಿನಲ್ಲಿ ತಮ್ಮ ಸ್ಥಿತಿ ಗೊತ್ತಾಗುವುದಿಲ್ಲ.

ಮುಖಕ್ಕೆ ಪೆಟ್ಟು ಬಿದ್ದಾಗಲೂ ಹಲ್ಲಿನ ಬಗ್ಗೆ ಆಮೇಲೆ ಯೋಚಿಸಿ. ಪ್ರಜ್ಞೆ ತಪ್ಪಿತ್ತಾ, ವಾಂತಿ ಆಗುತ್ತಿದೆಯಾ, ನಡೆದದ್ದು ನೆನಪಿಲ್ವಾ, ಕಿವಿಯಿಂದ ಅಥವಾ ಮೂಗಿನಿಂದ ನೀರಿನಂಥದ್ದು ಬರುತ್ತಿದೆಯಾ? ಹಾಗಿದ್ದರೆ ಮೊದಲು ತಲೆ, ಆಮೇಲೆ ಹಲ್ಲು. ಮೇಲಿನ ಕೆಳಗಿನ ಹಲ್ಲುಗಳು ಮೊದಲಿನ ಹಾಗೆ ಕೂರುತ್ತಿಲ್ಲ, ಕೆಳತುಟಿ ಮರಗಟ್ಟಿದೆ ಅಂದರೆ ದವಡೆ ಮುರಿದಿರಬಹುದು. ಬಾಯಿ ತೆರೆದದ್ದು ಮುಚ್ಚೋಕೇ ಆಗುತ್ತಿಲ್ಲ ಅಂದರೆ ದವಡೆಯ ಕೀಲು ತಪ್ಪಿರಬಹುದು, ಅದನ್ನು ಮನೆಯಲ್ಲಿ ಎಳೆದು ಸರಿ ಮಾಡಲು ಹೋಗಬೇಡಿ. ಬಿದ್ದ ಹಲ್ಲು ಎಲ್ಲಿ ಹುಡುಕಿದರೂ ಸಿಗದೆ, ಆ ವ್ಯಕ್ತಿ ಕೆಮ್ಮುತ್ತಿದ್ದರೆ ಅದು ಶ್ವಾಸಕೋಶದ ದಾರಿಗೆ ಹೋಗಿರಬಹುದು. ಎಕ್ಸ್‌ರೇ ಮಾಡಿಸಲೇಬೇಕು.

ಪೂರ್ತಿ ಹಲ್ಲು ಬಿದ್ದುಹೋದರೆ: ಇಲ್ಲಿ ಲೆಕ್ಕ ನಿಮಿಷದ್ದು

ತಂಗಿಯ ಮಗನಿಗೆ ಆಗ ಹನ್ನೊಂದು ವರ್ಷ. ಸೈಕಲ್‌ನಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಬೇರುಸಹಿತ ಹೊರಗೆ ಬಂತು. ಸುತ್ತ ಇದ್ದ ದೊಡ್ಡವರು ಒಳ್ಳೆ ಮನಸ್ಸಿನಿಂದಲೇ, ಹಲ್ಲನ್ನು ನಲ್ಲಿ ಕೆಳಗೆ ಹಿಡಿದು, ಸೋಪು ಹಚ್ಚಿ, ಬೇರನ್ನು ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿ, ಟಿಶ್ಯೂ ಪೇಪರಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಟ್ಟರು. ಡಾಕ್ಟರ್ ಹತ್ತಿರ ತಲುಪುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಹಲ್ಲನ್ನು ವಾಪಸ್ ಕೂರಿಸಿದರು, ಆದರೆ ಆಮೇಲೆ ಅದರ ಬೇರು ನಿಧಾನವಾಗಿ ಮೂಳೆಯಲ್ಲಿ ಕರಗುತ್ತಾ ಹೋಯಿತು. ಆ ಟಿಶ್ಯೂ ಪೇಪರ್ ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಆ ದಿನ ಒಬ್ಬರಿಗೆ ಗೊತ್ತಿದ್ದರೂ ಸಾಕಿತ್ತು. ಅದಕ್ಕೇ ಈ ಭಾಗವನ್ನು ಬಿಡಿಸಿ ಬರೆಯುತ್ತಿದ್ದೇನೆ, ದಯವಿಟ್ಟು ಮನೆಯ ಎಲ್ಲರಿಗೂ ಓದಿ ಹೇಳಿ.

ಬೇರಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಜೀವಂತ ಪೊರೆ ಇರುತ್ತದೆ. ಹಲ್ಲನ್ನು ಮೂಳೆಗೆ ಅಂಟಿಸಿಕೊಂಡು ಹಿಡಿಯುವುದು ಅದೇ. ಒಣಗಿದರೆ ಅದರ ಜೀವಕೋಶಗಳು ಸಾಯುತ್ತವೆ. ಹಲ್ಲು ಬಿದ್ದ 15 ನಿಮಿಷದೊಳಗೆ ಜಾಗಕ್ಕೆ ವಾಪಸ್ ಹೋದರೆ ಉಳಿಯುವ ಅವಕಾಶ ತುಂಬಾ ಚೆನ್ನಾಗಿರುತ್ತದೆ, ಒಣಗಾಳಿಯಲ್ಲಿ 60 ನಿಮಿಷ ಕಳೆದರೆ ಆ ಜೀವಕೋಶಗಳು ಹೆಚ್ಚುಕಡಿಮೆ ಎಲ್ಲ ಸತ್ತಿರುತ್ತವೆ. ತಿಕ್ಕಿದರೆ ಅಷ್ಟು ಹೊತ್ತೂ ಬೇಡ, ಆ ಕ್ಷಣವೇ ಕಿತ್ತುಹೋಗುತ್ತವೆ.

ಹಾಗಾಗಿ ಮಾಡಬೇಕಾದದ್ದು ಹೀಗೆ. ಹಲ್ಲನ್ನು ಹುಡುಕಿ, ಬಾಯಲ್ಲಿ ಕಾಣುವ ಬಿಳಿ ಭಾಗವನ್ನು ಮಾತ್ರ ಹಿಡಿದು ಎತ್ತಿ. ಬೇರು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನ್‌ನಲ್ಲೋ ಒಮ್ಮೆ ಜಾಲಾಡಿಸಿ, ಅವೆರಡೂ ಇಲ್ಲದಿದ್ದರೆ ತಣ್ಣೀರಿನಲ್ಲಿ ಕೆಲವೇ ಸೆಕೆಂಡು ಹಿಡಿದರೂ ಆಯಿತು. ಸೋಪು, ಬ್ರಷ್, ಡೆಟಾಲ್ ಏನೂ ಬೇಡ. ಆಮೇಲೆ, ಇದು ಕೇಳೋಕೆ ಭಯ ಅನ್ನಿಸುತ್ತದೆ, ಅಲ್ಲೇ ನಿಂತು ಹಲ್ಲನ್ನು ಅದರ ಗುಂಡಿಗೆ ವಾಪಸ್ ಕೂರಿಸಿ. ಪಕ್ಕದ ಹಲ್ಲು ನೋಡಿಕೊಂಡು ಮುಂಭಾಗ ಮುಂದೆ ಇರುವ ಹಾಗೆ ಹಿಡಿದು ಮೆಲ್ಲಗೆ ಒತ್ತಿ. ಪೆಟ್ಟು ಬಿದ್ದ ಕೂಡಲೇ ಆ ಜಾಗ ಮರಗಟ್ಟಿದಂತೆ ಇರುವುದರಿಂದ ಅಂದುಕೊಂಡಷ್ಟು ನೋವಾಗುವುದಿಲ್ಲ. ಸ್ವಲ್ಪ ಸೊಟ್ಟ ಕೂತರೂ ಪರವಾಗಿಲ್ಲ, ಡಾಕ್ಟರ್ ಸರಿ ಮಾಡುತ್ತಾರೆ. ಮೇಲೆ ಕರ್ಚೀಫು ಮಡಚಿ ಇಟ್ಟು ಮೃದುವಾಗಿ ಕಚ್ಚಿಸಿ, ಹೊರಡಿ.

ಕೂರಿಸೋಕೆ ಧೈರ್ಯ ಬರಲಿಲ್ಲ, ಅಥವಾ ಮಗು ಬಿಡುತ್ತಿಲ್ಲ ಅಂದರೆ ತಣ್ಣನೆ ಹಾಲಿನಲ್ಲಿ ಮುಳುಗಿಸಿ ತಗೊಂಡು ಹೋಗಿ. ಹಾಲು ಇಲ್ಲದಿದ್ದರೆ ಆ ವ್ಯಕ್ತಿಯದೇ ಉಗುಳಿನಲ್ಲಿ, ಸಣ್ಣ ಕಪ್ಪಿಗೆ ಉಗಿಸಿ ಅದರಲ್ಲಿ ಇಡಿ. ಸಲೈನ್ ಸಿಕ್ಕರೆ ಅದೂ ಆಗುತ್ತದೆ. ಬರೀ ನೀರಿನಲ್ಲಿ ನೆನೆಹಾಕುವುದು ಒಳ್ಳೆಯದಲ್ಲ, ಜೀವಕೋಶಗಳು ನೀರು ಹೀರಿ ಒಡೆದುಹೋಗುತ್ತವೆ. ಆದರೂ ಒಣಗಲು ಬಿಡುವುದಕ್ಕಿಂತ ನೀರಾದರೂ ವಾಸಿ. ಗಂಟೆ ದಾಟಿತು ಅಂತ ಹಲ್ಲನ್ನು ಬಿಸಾಕಬೇಡಿ. ತಡವಾಗಿ ಕೂರಿಸಿದ ಹಲ್ಲು ಕೂಡ ಕೆಲವು ವರ್ಷ ಜಾಗ ಕಾಯುತ್ತದೆ, ಬೆಳೆಯುವ ಮಕ್ಕಳಲ್ಲಿ ಅಷ್ಟಾದರೂ ಲಾಭ. ಡಾಕ್ಟರ್ ಸಾಮಾನ್ಯವಾಗಿ ಎರಡು ವಾರ ಅದನ್ನು ಪಕ್ಕದ ಹಲ್ಲುಗಳಿಗೆ ತೆಳು ತಂತಿಯಿಂದ ಕಟ್ಟಿಡುತ್ತಾರೆ. ಬೇರು ಪೂರ್ತಿ ಬೆಳೆದ ಹಲ್ಲಾದರೆ ಆ ಎರಡು ವಾರದೊಳಗೇ ರೂಟ್ ಕೆನಾಲ್ ಶುರು ಮಾಡುತ್ತಾರೆ. ಟೆಟನಸ್ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತಲೂ ಕೇಳುತ್ತಾರೆ, ನೆನಪು ಮಾಡಿಕೊಂಡು ಹೋಗಿ.

ಹಾಲುಹಲ್ಲು ಬಿದ್ದರೆ ಮಾತ್ರ ವಾಪಸ್ ಕೂರಿಸಲೇಬಾರದು. ಅದರ ಮೇಲೆ ಬೆಳೆಯುತ್ತಿರುವ ಖಾಯಂ ಹಲ್ಲಿನ ಮೊಳಕೆಗೆ ಪೆಟ್ಟಾಗುತ್ತದೆ. ಮುಂದಿನ ಹಾಲುಹಲ್ಲುಗಳು ಆರು-ಏಳು ವರ್ಷಕ್ಕೆ ಬೀಳುವುದರಿಂದ ಐದು ವರ್ಷದ ಮಗುವಿನದಾದರೆ ಬಹುತೇಕ ಹಾಲುಹಲ್ಲೇ. ಅನುಮಾನ ಇದ್ದರೆ ಹಾಲಿನಲ್ಲಿ ಹಾಕಿಕೊಂಡು ಹೋಗಿ ಡಾಕ್ಟರನ್ನೇ ಕೇಳಿ. ಹಾಲುಹಲ್ಲು ಅಂತ ಸುಮ್ಮನಿರಬೇಡಿ, ತುಂಡು ಒಳಗೆ ಉಳಿದಿದೆಯಾ ಅಂತ ನೋಡಿಸಬೇಕು.

ಹಲ್ಲು ಬೀಳದೆ, ಜಾಗ ಬಿಟ್ಟು ಹಿಂದೆ ಮುಂದೆ ವಾಲಿದ್ದರೆ, ಉದ್ದವಾಗಿ ಕೆಳಗೆ ಜಾರಿದ್ದರೆ, ಅಥವಾ ಒಸಡಿನೊಳಗೆ ತೂರಿಕೊಂಡಿದ್ದರೆ ಅದೂ ಅದೇ ದಿನ ತೋರಿಸಬೇಕಾದದ್ದು.

ರಕ್ತ ನಿಲ್ಲದಿದ್ದಾಗ

ಹಲ್ಲು ಕೀಳಿಸಿಕೊಂಡು ಬಂದ ದಿನ ಉಗುಳು ಗುಲಾಬಿ ಬಣ್ಣಕ್ಕಿರುವುದು ಸಹಜ. ಸ್ವಲ್ಪ ರಕ್ತ ಬಾಯಿ ತುಂಬ ಉಗುಳಿನಲ್ಲಿ ಬೆರೆತು ಲೋಟಗಟ್ಟಲೆ ಹೋದ ಹಾಗೆ ಕಾಣುತ್ತದೆ, ಗಾಬರಿಯಾಗಬೇಡಿ. ಶುದ್ಧವಾದ ಗಾಜ್ ಬಟ್ಟೆ ಒದ್ದೆ ಮಾಡಿ, ದಪ್ಪಗೆ ಮಡಚಿ, ಸರಿಯಾಗಿ ಗುಂಡಿಯ ಮೇಲೇ ಇಟ್ಟು ಗಟ್ಟಿಯಾಗಿ ಕಚ್ಚಿ ಕೂತುಕೊಳ್ಳಿ. 20ರಿಂದ 30 ನಿಮಿಷ. ಎಲ್ಲರೂ ತಪ್ಪುವುದು ಇಲ್ಲೇ: ಐದು ನಿಮಿಷಕ್ಕೊಮ್ಮೆ ತೆಗೆದು, ನಿಂತಿತಾ ಅಂತ ನೋಡುತ್ತಾರೆ. ಪ್ರತಿ ಸಲ ತೆಗೆದಾಗಲೂ ಕಟ್ಟುತ್ತಿದ್ದ ಹೆಪ್ಪು ಕಿತ್ತು ಬರುತ್ತದೆ. ಗಡಿಯಾರ ನೋಡಿ, ಬಾಯಿ ನೋಡಬೇಡಿ. ಉಗಿಯಬೇಡಿ, ಆ ದಿನ ಬಾಯಿ ಮುಕ್ಕಳಿಸಬೇಡಿ.

ಇಷ್ಟು ಮಾಡಿದ ಮೇಲೂ ಬಾಯಲ್ಲಿ ಕೆಂಪು ರಕ್ತ ತುಂಬಿಕೊಳ್ಳುತ್ತಲೇ ಇದ್ದರೆ ಡಾಕ್ಟರಿಗೆ ಫೋನ್ ಮಾಡಿ, ಸಿಗದಿದ್ದರೆ ಆಸ್ಪತ್ರೆಗೆ ಹೋಗಿ. ವಾರ್ಫರಿನ್, ಕ್ಲೊಪಿಡೋಗ್ರೆಲ್ ಥರದ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಲಿವರ್ ಕಾಯಿಲೆ ಇರುವವರು, ಹಿಮೋಫಿಲಿಯಾ ಇರುವವರು ಇನ್ನೂ ಬೇಗ ಹೋಗಬೇಕು. ಆದರೆ ಆ ಮಾತ್ರೆಗಳನ್ನು ನೀವಾಗೇ ನಿಲ್ಲಿಸಬೇಡಿ. ಬಾಯಿಯ ರಕ್ತವನ್ನು ಒತ್ತಿ ಹಿಡಿದು, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ಬಿಟ್ಟು ಹೃದಯದಲ್ಲೋ ಮೆದುಳಲ್ಲೋ ಹೆಪ್ಪುಗಟ್ಟಿದರೆ ಅಷ್ಟು ಸುಲಭವಲ್ಲ.

ಅವತ್ತೇ ಅಥವಾ ಮಾರನೇ ದಿನ ತೋರಿಸಬೇಕಾದದ್ದು

ಆಸ್ಪತ್ರೆಗೆ ಓಡುವಷ್ಟಲ್ಲ, ಮುಂದಿನ ವಾರ ಅಂತ ತಳ್ಳುವಷ್ಟೂ ಅಲ್ಲ. ಅಂಥವು ಸುಮಾರಿವೆ.

ನೋವಿನ ಬಗೆ ಗುರುತಿಸೋಕೆ ಒಂದು ಸುಲಭ ಗುರುತು ಇದೆ. ತಣ್ಣೀರು ತಾಗಿದಾಗ ಜುಮ್ ಅಂದು ಕೆಲವೇ ಸೆಕೆಂಡಿನಲ್ಲಿ ಹೋದರೆ ತಿರುಳು ಇನ್ನೂ ಚೇತರಿಸಿಕೊಳ್ಳುವ ಹಂತದಲ್ಲಿರಬಹುದು, ಕೆಲವು ದಿನ ಕಾಯುತ್ತದೆ. ತಣ್ಣಗಿನದು ಹೋದ ಮೇಲೂ ಅರ್ಧ ನಿಮಿಷಕ್ಕಿಂತ ಜಾಸ್ತಿ ನೋವು ಎಳೆಯುತ್ತಾ ಇದ್ದರೆ, ಏನೂ ತಾಗದಿದ್ದರೂ ತಾನಾಗೇ ಬಂದು ರಾತ್ರಿ ಎಬ್ಬಿಸುತ್ತಿದ್ದರೆ, ತಿರುಳು ಉಳಿಯುವ ಹಂತ ದಾಟಿದೆ ಅಂತ ಅರ್ಥ. ಕಚ್ಚಿದಾಗ ಆ ಹಲ್ಲು ಬೇರೆಯವಕ್ಕಿಂತ ಎತ್ತರ ಇದೆ ಅನ್ನಿಸಿ ನೋಯುತ್ತಿದ್ದರೆ ಬೇರಿನ ತುದಿಯಲ್ಲಿ ಕೀವು ಸೇರುತ್ತಿರಬಹುದು. ಒಸಡಿನ ಮೇಲೆ ಗುಳ್ಳೆಯಾಗಿ ಬಾಯಿಗೆ ಕೆಟ್ಟ ರುಚಿ ಬಂದು ನೋವು ಇಳಿದರೂ ಬಿಡಬೇಡಿ, ಕಾರಣ ಇನ್ನೂ ಒಳಗೇ ಇದೆ. ಆ ಗುಳ್ಳೆಯನ್ನು ಸೂಜಿಯಿಂದ ಚುಚ್ಚಬೇಡಿ.

ಮುರಿದ ಹಲ್ಲಿನ ಒಳಗೆ ಗುಲಾಬಿ ಅಥವಾ ಕೆಂಪು ಚುಕ್ಕೆ ಕಾಣುತ್ತಿದ್ದರೆ ತಿರುಳು ತೆರೆದುಕೊಂಡಿದೆ, ಅದೇ ದಿನ ಹೋಗಿ. ತುಂಡು ಸಿಕ್ಕರೆ ಒದ್ದೆಯಾಗಿಟ್ಟು ತಗೊಂಡು ಹೋಗಿ, ಎಷ್ಟೋ ಸಲ ಅದನ್ನೇ ಅಂಟಿಸುತ್ತಾರೆ. ಬುದ್ಧಿಹಲ್ಲಿನ ಮೇಲಿನ ಒಸಡು ಊದಿ ಬಾಯಿ ತೆರೆಯಲು ಕಷ್ಟವಾಗುತ್ತಿದ್ದರೆ, ದಿನದಿಂದ ದಿನಕ್ಕೆ ಕಡಿಮೆ ತೆರೆಯುತ್ತಿದ್ದರೆ ತಡ ಮಾಡಬೇಡಿ. ಹಲ್ಲು ಕೀಳಿಸಿದ ಮೇಲೆ ನೋವು ಇಳಿಯುತ್ತಾ ಬಂದು ಎರಡನೇ-ಮೂರನೇ ದಿನ ಇದ್ದಕ್ಕಿದ್ದಂತೆ ಕಿವಿಯವರೆಗೂ ಹೊಡೆಯುವ ಹಾಗೆ ಜೋರಾಗಿ, ಬಾಯಿ ವಾಸನೆ ಬಂದರೆ ಗುಂಡಿಯ ಹೆಪ್ಪು ಕಳಚಿ ಮೂಳೆ ಬರಿದಾಗಿದೆ. ಜೀವಕ್ಕೆ ಅಪಾಯವಿಲ್ಲ, ನೋವು ಮಾತ್ರ ಸಹಿಸಲಾಗುವುದಿಲ್ಲ. ಡಾಕ್ಟರ್ ತೊಳೆದು ಔಷಧಿ ತುಂಬಿದರೆ ಬೇಗ ತಣ್ಣಗಾಗುತ್ತದೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು, ಕೀಮೋಥೆರಪಿಯಲ್ಲಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು, ಸ್ಟೀರಾಯ್ಡ್ ತಗೊಳ್ಳುತ್ತಿರುವವರು ಈ ಪಟ್ಟಿಯ ಪ್ರತಿಯೊಂದನ್ನೂ ಒಂದು ಮೆಟ್ಟಿಲು ಮೇಲಕ್ಕೆ ಏರಿಸಿಕೊಳ್ಳಿ. ಬೇರೆಯವರಿಗೆ ನಾಳೆ ಅನ್ನುವುದು ನಿಮಗೆ ಇವತ್ತು. ಗರ್ಭಿಣಿಯರೂ ಮಗುವಿಗೆ ತೊಂದರೆಯಾದೀತು ಅಂತ ಹಲ್ಲಿನ ಸೋಂಕು ತಡೆದುಕೊಂಡು ಕೂರಬೇಡಿ. ತುರ್ತು ಚಿಕಿತ್ಸೆ ಯಾವ ತಿಂಗಳಲ್ಲಾದರೂ ಕೊಡಬಹುದು. ಗರ್ಭಿಣಿ ಅಂತ ಮೊದಲೇ ಹೇಳಿದರೆ ಸಾಕು.

ಕಾಯಬಲ್ಲದ್ದು

ಕ್ಯಾಪ್ ಕಳಚಿ ಬಂತು, ಫಿಲ್ಲಿಂಗ್ ಬಿತ್ತು, ನೋವಿಲ್ಲದೆ ಹಲ್ಲಿನ ಮೂಲೆ ಚೂರಾಯಿತು, ಕ್ಲಿಪ್ಪಿನ ತಂತಿ ಕೆನ್ನೆಗೆ ಚುಚ್ಚುತ್ತಿದೆ: ಇವು ಕೆಲವು ದಿನ ಕಾಯುತ್ತವೆ. ಕ್ಯಾಪನ್ನು ಒಂದು ಡಬ್ಬಿಯಲ್ಲಿ ಹಾಕಿಡಿ, ಫೆವಿಕ್ವಿಕ್ ಥರದ ಅಂಟಿನಿಂದ ಅಂಟಿಸಬೇಡಿ. ತಂತಿಯ ತುದಿಗೆ ಡಾಕ್ಟರ್ ಕೊಟ್ಟ ಮೇಣ ಒತ್ತಿ. ಬಾಯಿಯ ಹುಣ್ಣೂ ಅರ್ಜೆಂಟಲ್ಲ, ಆದರೆ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ನೋವಿಲ್ಲ ಅಂತ ಬಿಡಬೇಡಿ, ಶುರುವಿನಲ್ಲಿ ಎಷ್ಟೋ ಸಲ ಅದಕ್ಕೆ ನೋವೇ ಇರುವುದಿಲ್ಲ.

ಹಲ್ಲಿನದಲ್ಲದ ಹಲ್ಲುನೋವು

ಕೆಳದವಡೆ ಭಾರವಾಗಿ ನೋಯುತ್ತಿದೆ, ಯಾವ ಹಲ್ಲು ಅಂತ ಬೆರಳಿಟ್ಟು ತೋರಿಸೋಕೆ ಆಗುತ್ತಿಲ್ಲ, ಮೆಟ್ಟಿಲು ಹತ್ತಿದಾಗ ಬಂದು ಕೂತರೆ ಇಳಿಯುತ್ತದೆ, ಜೊತೆಗೆ ಬೆವರು, ಎದೆ ಬಿಗಿತ, ತೋಳು ಸೆಳೆತ, ವಾಕರಿಕೆ, ಇಂಥದ್ದೇನಾದರೂ ಇದ್ದರೆ ಅದು ಹೃದಯದ ನೋವಾಗಿರಬಹುದು. ಕೂತರೂ ಹೋಗುತ್ತಿಲ್ಲ ಅಂದರೆ ತಕ್ಷಣ ಆಂಬುಲೆನ್ಸ್. ಎದೆನೋವೇ ಇಲ್ಲದೆ ಬರೀ ದವಡೆಯಲ್ಲಿ ಕಾಣಿಸಿಕೊಳ್ಳುವ ಹೃದಯಾಘಾತವೂ ಉಂಟು. ಐವತ್ತು ದಾಟಿದವರಿಗೆ ಅಗಿಯುವಾಗ ದವಡೆ ಸೋತುಬಂದು, ಕಣತಲೆ ನೋಯುತ್ತಾ, ನೆತ್ತಿ ಬಾಚಿದರೂ ನೋವಾಗುತ್ತಿದ್ದರೆ ಅದು ರಕ್ತನಾಳದ ಉರಿಯೂತ ಇರಬಹುದು. ಬಿಟ್ಟರೆ ಕಣ್ಣು ಹೋಗುತ್ತದೆ, ಅದೇ ದಿನ ಡಾಕ್ಟರನ್ನು ನೋಡಿ. ಶೀತವಾಗಿ ಮೇಲಿನ ಹಿಂದಿನ ಹಲ್ಲುಗಳೆಲ್ಲ ಒಟ್ಟಿಗೆ ನೋಯುತ್ತಾ, ಬಗ್ಗಿದರೆ ಜಾಸ್ತಿಯಾದರೆ ಸೈನಸ್ ಇರಬಹುದು, ಅದು ಅರ್ಜೆಂಟಲ್ಲ.

ಬೆಳಗಾಗುವವರೆಗೆ ಏನು ಮಾಡಬೇಕು

ದೊಡ್ಡವರಿಗೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಸೇರಿಸಿ ತಗೊಂಡರೆ ಹಲ್ಲುನೋವಿಗೆ ಒಂದೊಂದೇ ತಗೊಂಡದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆಯವರು, ಗರ್ಭಿಣಿಯರು, ನೋವಿನ ಮಾತ್ರೆಯಿಂದ ಉಬ್ಬಸ ಬರುವವರು ಐಬುಪ್ರೊಫೆನ್ ಮುಟ್ಟಬೇಡಿ. ಪ್ಯಾರಾಸಿಟಮಾಲ್ 24 ಗಂಟೆಯಲ್ಲಿ 4000 ಮಿಲಿಗ್ರಾಂ ದಾಟಲೇಬಾರದು, ಅಂದರೆ 500ರ ಮಾತ್ರೆ ಎಂಟು. ಮೈತೂಕ ಕಡಿಮೆ ಇರುವವರಿಗೆ, ಲಿವರ್ ಕೆಟ್ಟಿರುವವರಿಗೆ, ಕುಡಿತ ಇರುವವರಿಗೆ ಅದಕ್ಕಿಂತ ಕಡಿಮೆ. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಸ್ಟ್ರಿಪ್ಪಿನ ಹಿಂದೆ ಓದಿ ಲೆಕ್ಕಕ್ಕೆ ಸೇರಿಸಿ. ಹಲ್ಲುನೋವು ತಾಳಲಾರದೆ ಮೇಲಿಂದ ಮೇಲೆ ನುಂಗಿ ಲಿವರ್ ಹಾಳುಮಾಡಿಕೊಂಡವರು ಇದ್ದಾರೆ. ಎಷ್ಟು ಗಂಟೆಗೆ ಯಾವ ಮಾತ್ರೆ ಅಂತ ಒಂದು ಕಾಗದದ ಮೇಲೆ ಬರೆಯುತ್ತಾ ಹೋಗಿ, ನಿದ್ದೆಗಣ್ಣಲ್ಲಿ ಲೆಕ್ಕ ತಪ್ಪುತ್ತದೆ. ಮಕ್ಕಳಿಗೆ ತೂಕದ ಲೆಕ್ಕದಲ್ಲೇ ಕೊಡಬೇಕು, ಆಸ್ಪಿರಿನ್ ಕೊಡಲೇಬಾರದು.

ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಒತ್ತಿಡುವ ಅಭ್ಯಾಸ ಕೆಲವರಿಗಿದೆ. ಅದು ಆಸಿಡ್, ಒಸಡು ಬೆಳ್ಳಗೆ ಸುಟ್ಟುಹೋಗುತ್ತದೆ. ಲವಂಗದ ಎಣ್ಣೆಯನ್ನೂ ಸುಮ್ನೆ ಸುರಿಯಬೇಡಿ, ಹತ್ತಿಗೆ ಒಂದೇ ತೊಟ್ಟು ಹಾಕಿ ಹುಳುಕಿನ ಗುಂಡಿಗೆ ಮಾತ್ರ ಮುಟ್ಟಿಸಿ. ತಲೆಗೆ ಎರಡು ದಿಂಬು ಇಟ್ಟು ಮಲಗಿ. ಬೆಚ್ಚಗಿನ ಉಪ್ಪುನೀರಿನಲ್ಲಿ ಮೆಲ್ಲಗೆ ಮುಕ್ಕಳಿಸಿ. ಊತ ಇದ್ದರೆ ಹೊರಗಿನಿಂದ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಬಿಸಿ ಶಾಖ ಬೇಡ.

ಮನೆಯಲ್ಲಿ ಮಿಕ್ಕಿರುವ ಆಂಟಿಬಯಾಟಿಕ್ ನುಂಗುವುದು ಇನ್ನೊಂದು ತಪ್ಪು, ನಾನೂ ಎರಡು ದಿನ ಇದನ್ನೇ ಮಾಡಿದ್ದೆ. ಸತ್ತ ತಿರುಳಿಗೆ ರಕ್ತವೇ ಹೋಗುವುದಿಲ್ಲ ಅಂದ ಮೇಲೆ ರಕ್ತದ ಮೂಲಕ ಹೋಗುವ ಔಷಧಿ ಅಲ್ಲಿಗೆ ತಲುಪುವುದು ಹೇಗೆ? ಜ್ವರ ಬಂದಾಗ, ಊತ ಹರಡುತ್ತಿರುವಾಗ ಆಂಟಿಬಯಾಟಿಕ್ ಬೇಕು, ಆದರೆ ಡಾಕ್ಟರ್ ಹೇಳಿದ ಮೇಲೆ. ಆಗಲೂ ಹಲ್ಲನ್ನು ತೆರೆದು ಸ್ವಚ್ಛ ಮಾಡುವುದೋ ಕೀಳುವುದೋ ಆಗದಿದ್ದರೆ ಸೋಂಕು ಮತ್ತೆ ಬರುತ್ತದೆ.

ರಾತ್ರಿ ಕಾಯುವುದಾದರೆ ಒಬ್ಬರೇ ಇರಬೇಡಿ. ಊತದ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದು, ಫೋನಿನಲ್ಲಿ ಒಂದು ಫೋಟೋ ತೆಗೆದಿಡಿ. ಎರಡು ಗಂಟೆಗೊಮ್ಮೆ ನೋಡಿ. ಊತ ಗೆರೆ ದಾಟಿತು ಅಂದರೆ ಬೆಳಗಾಗಲಿ ಅನ್ನಬೇಡಿ. ಜೊತೆಗೆ ನನ್ನ ಡಾಕ್ಟರ್ ಮಾಡಿಸಿದ್ದನ್ನೇ ಮಾಡಿ: ಉಗುಳು ನುಂಗಿ, ನಾಲಿಗೆ ಚಾಚಿ, ಬೆರಳು ತೂರಿಸಿ.

ಫೋನ್ ಮಾಡುವಾಗ ಬರೀ ತುಂಬಾ ನೋವು ಅಂದರೆ ಆ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ, ದಿನಕ್ಕೆ ಹತ್ತು ಜನ ಹಾಗೇ ಹೇಳುತ್ತಾರೆ. ಹೀಗೆ ಹೇಳಿ: ಕೆಳಗಿನ ಬಲಗಡೆ ಹಿಂದಿನ ಹಲ್ಲು, ಇಷ್ಟು ದಿನದಿಂದ, ಊತ ನಿನ್ನೆ ರಾತ್ರಿ ಶುರುವಾಗಿ ಈಗ ಗದ್ದದ ಕೆಳಗಿದೆ, ಜ್ವರ ಇಷ್ಟು, ನುಂಗಲು ಕಷ್ಟ, ಬಾಯಿ ಎರಡು ಬೆರಳಷ್ಟೇ ತೆರೆಯುತ್ತದೆ, ಸಕ್ಕರೆ ಕಾಯಿಲೆ ಇದೆ, ಈ ಮಾತ್ರೆ ತಗೊಂಡಿದ್ದೇನೆ. ನುಂಗಲು ಕಷ್ಟ ಅನ್ನುವುದನ್ನು ಮೊದಲ ಮಾತಾಗಿ ಹೇಳಿದರೆ ಇನ್ನೂ ಒಳ್ಳೆಯದು. ಹೊರಡುವ ಮುಂಚೆ ಏನನ್ನೂ ತಿನ್ನಬೇಡಿ, ಅರಿವಳಿಕೆ ಕೊಡಬೇಕಾಗಿ ಬರಬಹುದು. ಕಾರಿನಲ್ಲಿ ಮಲಗಿಸಬೇಡಿ, ನೆಟ್ಟಗೆ ಕೂರಿಸಿಕೊಂಡು ಹೋಗಿ. ನೀವು ಇರುವ ಜಾಗದಲ್ಲಿ ರಾತ್ರಿ ಹೊತ್ತು ತುರ್ತು ಚಿಕಿತ್ಸೆ ಕೊಡುವ ಆಸ್ಪತ್ರೆ ಯಾವುದು, ಬಾಯಿ-ಮುಖದ ಸರ್ಜನ್ ಎಲ್ಲಿ ಇರುತ್ತಾರೆ ಅಂತ ಇವತ್ತೇ ವಿಚಾರಿಸಿ, ಆ ನಂಬರನ್ನು ಮನೆಯವರೆಲ್ಲರ ಫೋನಿನಲ್ಲೂ ಹಾಕಿಡಿ.